ಡೀಸೆಲ್ ಡೋಸರ್ ಬಿಚ್ಚಿ ತೊಳೆಯುವ ಬಗ್ಗೆ

ಸರ್, ರೀಜೆನ್ (ಫಿಲ್ಟರ್‌ನಲ್ಲಿ ಕೂತ ಮಸಿಯನ್ನು ಗಾಡಿಯೇ ಸುಡುವುದು) ಅರ್ಧಕ್ಕೇ ನಿಲ್ಲುತ್ತಿದೆ, ಸೈಲೆನ್ಸರ್ ಪೈಪಿನ ಡೀಸೆಲ್ ಡೋಸರ್ ತೊಳೆದು ನೋಡಲಾ, ಹೊಸದೇ ಹಾಕಲಾ ಅಂತ ಕೇಳಿದ್ದೀರಿ. ಮೊದಲು ತೊಳೆಯಿರಿ. ಅದು ಸಿಂಪಡಿಸುವ ಡೀಸೆಲ್ ಡಿಒಸಿಯಲ್ಲಿ (ಫಿಲ್ಟರ್‌ಗಿಂತ ಮುಂಚೆ ಇರುವ ಕ್ಯಾಟಲಿಸ್ಟ್) ಉರಿದರೇನೇ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಸುಮಾರು 600 ಡಿಗ್ರಿಗೆ ಕಾದು ಮಸಿ ಸುಡುವುದು. ತುದಿ ಕಟ್ಟಿಕೊಂಡರೆ ಆ ಕಾವು ಬರುವುದೇ ಇಲ್ಲ.

ಗಾಡಿ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ನಾನು ಬಿಚ್ಚಿದ ಒಂದರ ತುದಿ, ಕೆಂಡದಲ್ಲಿ ಸುಟ್ಟ ಬದನೆಕಾಯಿ ಸಿಪ್ಪೆ ತರ ಪದರ ಪದರವಾಗಿತ್ತು. ತುದಿಯನ್ನಷ್ಟೇ ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಹಿತ್ತಾಳೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ತೂತಿಗೆ ಸೂಜಿ, ತಂತಿ ಹಾಕಲೇಬೇಡಿ. ಅಗಲವಾದರೆ ಡೀಸೆಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತೆ. ಗ್ಯಾಸ್ಕೆಟ್ ಹೊಸದೇ ಇರಲಿ.

ಆಮೇಲೆ ಗಾಡಿಗೆ ಜೋಡಿಸುವ ಸ್ಕ್ಯಾನರ್‌ನಿಂದ ರೀಜೆನ್ ಕೊಡಿಸಿ. ಆಗ ಸೈಲೆನ್ಸರ್ ಬಾಯಿಯ ಹತ್ತಿರ ಒಣಹುಲ್ಲು, ಮಕ್ಕಳು ಯಾರೂ ಇರದಂತೆ ನೋಡಿಕೊಳ್ಳಿ.