ಗೆಲುವು-ಸೋಲು ಮೊದಲೇ ತೀರ್ಮಾನ ಆಗಿರೋ ಕುಸ್ತಿಯಲ್ಲಿ ಒಳ್ಳೆ ಪಂದ್ಯ, ಕೆಟ್ಟ ಪಂದ್ಯ ಅಂತ ಹೇಗೆ ಹೇಳೋದು?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ದಾವಣಗೆರೆಯಲ್ಲಿ ಗರಡಿಗೆ ಹೋಗೋ ನಿಮ್ಮ ಗೆಳೆಯರು ಅಮೆರಿಕದ ಪ್ರೊ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇ ಬಗ್ಗೆ "ಡಬ್ಲ್ಯುಡಬ್ಲ್ಯುಇ ಎಲ್ಲ ಸುಳ್ಳು, ಅದರಲ್ಲಿ ನೋಡೋದೇನಿದೆ" ಅಂತಾರೆ, ಅವರಿಗೆ ಏನು ಹೇಳೋದು ಅನ್ನೋದು ಒಂದು. 2014ರಲ್ಲಿ, ರೆಸಲ್‌ಮೇನಿಯಾ ಅನ್ನೋ ಅದರ ವರ್ಷದ ದೊಡ್ಡ ಹಬ್ಬದಲ್ಲಿ ಅಲ್ಲಿವರೆಗೆ ಸೋತೇ ಇರದ ಪೈಲ್ವಾನ ಅಂಡರ್‌ಟೇಕರ್‌ನನ್ನು ಬ್ರಾಕ್ ಲೆಸ್ನರ್ ಕೈಯಲ್ಲಿ ಸೋಲಿಸಿದ್ದು ಸರಿಯಾ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕಡೆ ಹೋಗಿ ಸೇರುತ್ತೆ, ಸ್ವಲ್ಪ ತಾಳ್ಮೆಯಿಂದ ಓದ್ರಿ.

ಯಾರು ಗೆಲ್ಲಬೇಕು ಅನ್ನೋದು ಮೊದಲೇ ನಿಶ್ಚಯ, ಅದು ನಿಜ. ಆದರೆ ಬೀಳೋದು ಸುಳ್ಳಲ್ಲ. ಡಬ್ಲ್ಯುಡಬ್ಲ್ಯುಇ ರಿಂಗ್ 20 ಅಡಿ ಚೌಕ. ಕೆಳಗೆ ಕಬ್ಬಿಣದ ತೊಲೆ, ಅದರ ಮೇಲೆ ಹಲಗೆ, ಹಲಗೆ ಮೇಲೆ ತೆಳು ಫೋಮ್, ಮೇಲೆ ಬಿಗಿದ ಕ್ಯಾನ್ವಾಸ್. ನಮ್ಮ ಗರಡಿಯಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡಿರ್ತಾರೆ, ಬಿದ್ದ ಮೈಯನ್ನು ಮಣ್ಣು ತಾನು ತಗೊಳ್ಳುತ್ತೆ. ಹಲಗೆ ಹಾಗಲ್ಲ. ಅದಕ್ಕೇ ಅಲ್ಲಿ ಮೊದಲು ಕಲಿಸೋದು ಬೀಳೋದನ್ನ: ಗದ್ದ ಎದೆಗೆ ಒತ್ತಿಕೊಂಡು, ತಲೆ ನೆಲಕ್ಕೆ ತಾಗದ ಹಾಗೆ, ಬೆನ್ನಿನ ಮೇಲ್ಭಾಗ ಮತ್ತು ಎರಡೂ ತೋಳು ಒಂದೇ ಸಲ ನೆಲಕ್ಕೆ ಅಪ್ಪಳಿಸಬೇಕು. ಒಂದೇ ಜಾಗಕ್ಕೆ ಭಾರ ಬಿದ್ದರೆ ಭುಜ ಹೋಗುತ್ತೆ, ಗದ್ದ ಮೇಲಾದರೆ ತಲೆ ಹೋಗುತ್ತೆ. ನೀವು ಕೇಳಿದ ಆ 2014ರ ಪಂದ್ಯದಲ್ಲೇ ಅಂಡರ್‌ಟೇಕರ್‌ಗೆ ನಿಜವಾಗಿ ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಸೇರಿಸಿದರು.

ಇನ್ನು "ಫಲಿತಾಂಶ ಗೊತ್ತಿದ್ದ ಮೇಲೆ ನೋಡೋದೇನು" ಅನ್ನೋ ಮಾತು. ನಮ್ಮ ಕಡೆ ಬಯಲಾಟದಲ್ಲಿ ಗದಾಯುದ್ಧದ ಪ್ರಸಂಗ ಇಟ್ಟರೆ ಕೌರವನ ತೊಡೆ ಮುರಿಯುತ್ತೆ ಅಂತ ಕೂತ ಮಕ್ಕಳಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂರ್ತಾರೆ. ಅವರು ನೋಡೋದು ಭೀಮ ಗೆದ್ದನಾ ಅಂತ ಅಲ್ಲ, ಕೌರವ ಹೇಗೆ ಬಿದ್ದ ಅಂತ. ಪ್ರೊ ರೆಸ್ಲಿಂಗ್ ನೋಡೋ ಕಣ್ಣೂ ಅದೇ.

ಪಂದ್ಯ ಕಟ್ಟೋ ಲೆಕ್ಕವನ್ನ ಗರಡಿ ಗೆಳೆಯರು ಬೇಗ ಹಿಡೀತಾರೆ. ದುಗ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ಜೋಡಿ ಕಟ್ಟೋವಾಗ ಏನು ನೋಡ್ತಾರೆ? ತೂಕ, ಅನುಭವ, ಯಾವ ಊರಿನವನು, ಹಿಂದೆ ಯಾರ ಜೊತೆ ಸಮಬಲ ಆಗಿತ್ತು, ಯಾವ ಜೋಡಿ ಕೊನೆಗೆ ಇಡಬೇಕು. ಅಖಾಡದಲ್ಲಿ ಯಾರು ಚಿತ್ ಆಗ್ತಾರೆ ಅನ್ನೋದು ಮಾತ್ರ ಪೈಲ್ವಾನರ ಕೈಲಿ. ಡಬ್ಲ್ಯುಡಬ್ಲ್ಯುಇಯಲ್ಲಿ ಬುಕಿಂಗ್ ಅಂದ್ರೆ ಈ ಜೋಡಿ ಕಟ್ಟೋ ಕೆಲಸಕ್ಕೆ ಫಲಿತಾಂಶವನ್ನೂ ಸೇರಿಸಿದ್ದು. ತಪ್ಪು ಜೋಡಿ ಕಟ್ಟಿದ ದಿನ ಜನ ಎದ್ದು ಮನೆಗೆ ಹೋಗೋದು ಎರಡೂ ಕಡೆ ಒಂದೇ.

ಒಂದು ಪಂದ್ಯದ ಒಳಗೆ ಏನಿರುತ್ತೆ ಅಂದ್ರೆ: ಶುರುವಲ್ಲಿ ಒಳ್ಳೆಯವನ ಕೈ ಸ್ವಲ್ಪ ಹೊತ್ತು ಮೇಲಿರುತ್ತೆ. ಆಮೇಲೆ ಖಳ, ಅಂದ್ರೆ ಹೀಲ್, ಏನೋ ಮೋಸ ಮಾಡಿ ಹಿಡಿತ ತಗೊಳ್ತಾನೆ. ಪಂದ್ಯದ ಉದ್ದ ಭಾಗ ಇದೇ. ಇಲ್ಲಿ ಅವನು ಒಂದು ಅಂಗ ಆರಿಸಿಕೊಂಡು ಅದನ್ನೇ ಹೊಡೀಬೇಕು, ಮಂಡಿ ಅಂದ್ರೆ ಮಂಡಿ, ಭುಜ ಅಂದ್ರೆ ಭುಜ. ನಂತರ ಒಳ್ಳೆಯವನು ಎದ್ದು ಬರೋದು, ಕೊನೆಗೆ ಮುಗಿಸೋ ಪಟ್ಟು. ನಾನು ಪಂದ್ಯ ಅಳೆಯೋದು ಮೂರನೇ ಹಂತದಲ್ಲಿ. ಹತ್ತು ನಿಮಿಷ ಎಡಗಾಲಿಗೆ ಹೊಡೆಸಿಕೊಂಡವನು ಎದ್ದ ತಕ್ಷಣ ಅದೇ ಕಾಲಲ್ಲಿ ಓಡಿ ಜಿಗಿದರೆ, ಆ ಹತ್ತು ನಿಮಿಷ ನೀರಲ್ಲಿ ಹೋಮ ಮಾಡಿದ ಹಾಗೆ. ಈಗಿನ ಎಷ್ಟೋ ಪಂದ್ಯ ಕೆಡೋದು ಇಲ್ಲೇ. ಇನ್ನೊಂದು ರೋಗ ಅಂದ್ರೆ ಮುಗಿಸೋ ಪಟ್ಟಿಗೆ ಬೆಲೆ ಇಲ್ಲದ ಹಾಗೆ ಮಾಡೋದು. ಒಂದೇ ಪಂದ್ಯದಲ್ಲಿ ನಾಲ್ಕು ಸಲ ಹಾಕಿದರೂ ಎದುರಾಳಿ ಎರಡನೇ ಎಣಿಕೆಗೆ ಭುಜ ಎತ್ತಿದರೆ (ಭುಜ ನೆಲಕ್ಕೊತ್ತಿದಾಗ ರೆಫ್ರಿ ಮೂರು ಎಣಿಸಿದರೆ ಗೆಲುವು), ಮುಂದಿನ ವಾರ ಆ ಪಟ್ಟು ಹಾಕಿದಾಗ ಯಾರೂ ಕುರ್ಚಿಯ ತುದಿಗೆ ಬರಲ್ಲ.

ಇದೆಲ್ಲ ಸರಿಯಾಗಿ ಕೂಡಿಬಂದ ಪಂದ್ಯ ಬೇಕು ಅಂದ್ರೆ 1997ರ ಮಾರ್ಚ್ 23ರ ಬ್ರೆಟ್ ಹಾರ್ಟ್ – ಸ್ಟೀವ್ ಆಸ್ಟಿನ್ ಪಂದ್ಯ, ಶಿಕಾಗೋ ಬಳಿ ನಡೆದ ರೆಸಲ್‌ಮೇನಿಯಾ 13. ಒಪ್ಪಿಸಿಕೊಂಡರೆ ಮಾತ್ರ ಸೋಲು ಅನ್ನೋ ಷರತ್ತು, ರೆಫ್ರಿ ಆಗಿ ಕೆನ್ ಶಾಮ್‌ರಾಕ್. ಆ ಸಂಜೆ ಬ್ರೆಟ್ ಒಳ್ಳೆಯವನಾಗಿ ಬಂದ, ಆಸ್ಟಿನ್ ಖಳನಾಗಿ ಬಂದ. ಬ್ರೆಟ್ ಮಂಡಿ ಹಿಡಿದು ಬಿಡಲಿಲ್ಲ. ಆಸ್ಟಿನ್ ಹಣೆ ಒಡೆದು ರಕ್ತ ಮುಖ ತುಂಬಿತು. ಕೊನೆಗೆ ಬ್ರೆಟ್ ಶಾರ್ಪ್‌ಶೂಟರ್ ಹಾಕಿದ: ಎದುರಾಳಿಯನ್ನ ಬೋರಲು ಹಾಕಿ, ಅವನ ಎರಡೂ ಕಾಲನ್ನ ತನ್ನ ಕಾಲಿಗೆ ಹೆಣೆದು, ಹಿಂದಕ್ಕೆ ಕೂರೋ ಪಟ್ಟು, ಭಾರ ಎಲ್ಲ ಸೊಂಟಕ್ಕೆ. ಆಸ್ಟಿನ್ ಎರಡೂ ಕೈ ಊರಿ ಎದ್ದ, ಹಲ್ಲಿನ ಸಂದಿಯಿಂದ ರಕ್ತ ಇಳೀತಾ ಇತ್ತು, ಒಂದು ಕ್ಷಣ ಪಟ್ಟು ಬಿಚ್ಚೇ ಹೋಯ್ತು ಅನ್ನಿಸ್ತು, ಮತ್ತೆ ಬಿದ್ದ. "ಆಗಲ್ಲ" ಅನ್ನೋ ಮಾತು ಅವನ ಬಾಯಲ್ಲಿ ಬರಲೇ ಇಲ್ಲ. ಪ್ರಜ್ಞೆ ತಪ್ಪಿದ, ಶಾಮ್‌ರಾಕ್ ಗಂಟೆ ಹೊಡೆಸಿದ. ಗೆದ್ದ ಬ್ರೆಟ್ ಬಿದ್ದವನನ್ನ ಮತ್ತೆ ಹೊಡೆಯೋಕೆ ಹೋದ, ಜನ ಅವನಿಗೆ ಛೀಮಾರಿ ಹಾಕಿದರು. ಸೋತ ಆಸ್ಟಿನ್ ಯಾರ ಹೆಗಲೂ ಹಿಡಿಯದೆ ಕುಂಟುತ್ತಾ ನಡೆದು ಹೋದ, ಜನ ಎದ್ದು ನಿಂತು ಕೂಗಿದರು. ಒಂದೇ ಪಂದ್ಯದಲ್ಲಿ ಇಬ್ಬರ ಜಾಗ ಅದಲುಬದಲು. ಸೋಲಿಸಿಯೇ ಒಬ್ಬನನ್ನ ದೊಡ್ಡವನನ್ನಾಗಿ ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ಅಂಡರ್‌ಟೇಕರ್ ವಿಷಯ. ನನ್ನ ದೃಷ್ಟಿಯಲ್ಲಿ ಸತತ ಗೆಲುವು ಅನ್ನೋದು ಇಡುಗಂಟು. 1991ರಿಂದ ರೆಸಲ್‌ಮೇನಿಯಾದಲ್ಲಿ ಒಂದೊಂದೇ ಕೂಡಿಸಿ 21 ಗೆಲುವು ಆಗಿತ್ತು. ಆ ಗಂಟನ್ನ ಒಡೆದು ಯಾರಿಗೋ ಕೊಡೋದರಲ್ಲಿ ತಪ್ಪಿಲ್ಲ, ಯಾಕಂದ್ರೆ ಪೈಲ್ವಾನ ನಿವೃತ್ತಿಯಾದರೆ ಗಂಟು ಅವನ ಜೊತೆ ಮಣ್ಣಾಗುತ್ತೆ. ಕೇಳಬೇಕಾದ್ದು, ತಗೊಂಡವನು ಅದನ್ನ ಏನು ಮಾಡಿದ ಅಂತ. 2014ರ ಏಪ್ರಿಲ್ 6ರಂದು ನ್ಯೂ ಓರ್ಲೀನ್ಸ್‌ನಲ್ಲಿ ಲೆಸ್ನರ್ ತನ್ನ ಮುಗಿಸೋ ಪಟ್ಟು ಎಫ್-5 ಅನ್ನ ಮೂರನೇ ಸಲ ಹಾಕಿ ಒತ್ತಿದಾಗ ಇಡೀ ಕ್ರೀಡಾಂಗಣ ಮೌನ ಆಯ್ತು. ಆಗ ಬಹಳ ಜನ "ಬ್ರೇ ವ್ಯಾಟ್‌ನಂಥ ಹೊಸಬನಿಗೆ ಕೊಡಬೇಕಿತ್ತು" ಅಂದರು. ನಾನು ಒಪ್ಪಲ್ಲ. ವ್ಯಾಟ್ ಗೆದ್ದಿದ್ದರೆ ಜನ ನಂಬ್ತಿರಲಿಲ್ಲ. ಲೆಸ್ನರ್ ಕೈಲಿ ಅದು ನಂಬೋ ಹಾಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಜಾನ್ ಸೀನಾಗೆ ಹದಿನಾರು ಜರ್ಮನ್ ಸುಪ್ಲೆಕ್ಸ್ (ಹಿಂದಿನಿಂದ ಸೊಂಟ ಹಿಡಿದು ಹಿಂದಕ್ಕೆ ಎತ್ತಿ ಎಸೆಯೋ ಪಟ್ಟು) ಹಾಕಿ ಚಾಂಪಿಯನ್ ಬೆಲ್ಟ್ ಕಿತ್ಕೊಂಡಾಗ ಗಂಟು ಇನ್ನೂ ದೊಡ್ಡದಾಯ್ತು. ಅಲ್ಲಿವರೆಗೆ ಬುಕಿಂಗ್ ಸರಿಯಾಗೇ ಇತ್ತು.

ಕೆಟ್ಟಿದ್ದು ಆಮೇಲೆ. 2015ರ ಮಾರ್ಚ್‌ನಲ್ಲಿ ಲೆಸ್ನರ್ – ರೋಮನ್ ರೇನ್ಸ್ ಪಂದ್ಯದ ನಡುವೆ ಸೆಥ್ ರಾಲಿನ್ಸ್ ನುಗ್ಗಿ, ಅದನ್ನ ಮೂವರ ಪಂದ್ಯ ಮಾಡಿ, ಬೆಲ್ಟ್ ಗೆದ್ದ. ಆ ರಾತ್ರಿಗೆ ಅದು ಅದ್ಭುತ, ಆದರೆ ಅವನು ಒತ್ತಿದ್ದು ರೋಮನ್‌ನ ಭುಜ, ಲೆಸ್ನರ್‌ನದ್ದಲ್ಲ. ಗಂಟು ಲೆಸ್ನರ್ ಹತ್ರವೇ ಉಳೀತು. ಕೊನೆಗೆ ಅವನ ಭುಜ ನೆಲಕ್ಕೊತ್ತಿ ಮೂರು ಎಣಿಸಿದವನು ಯಾರು ಅಂದ್ರೆ, 2016ರ ನವೆಂಬರ್‌ನಲ್ಲಿ 49 ವಯಸ್ಸಿನ ಗೋಲ್ಡ್‌ಬರ್ಗ್, ಒಂದು ನಿಮಿಷ 26 ಸೆಕೆಂಡಿನಲ್ಲಿ. ಆಗ ದಿನನಿತ್ಯ ದುಡಿಯೋ ಒಬ್ಬ ಹುಡುಗನಿಗೆ ಸಿಗಬೇಕಾದ್ದು ಮತ್ತೆ ಹಳಬನ ಜೇಬಿಗೆ ಹೋಯ್ತು. ರೋಮನ್ ಲೆಸ್ನರ್‌ನನ್ನ ಒತ್ತಿ ಗೆಲ್ಲೋ ಹೊತ್ತಿಗೆ 2018ರ ಆಗಸ್ಟ್ ಬಂತು, ಅಷ್ಟರಲ್ಲಿ ಜನಕ್ಕೆ ಬೇಸರ ಬಂದಿತ್ತು. ಹಾಗಾಗಿ ನಿಮಗೆ ನನ್ನ ಉತ್ತರ: ಸೋಲಿಸಿದ್ದು ಸರಿ, ಆ ಸೋಲನ್ನ ಖರ್ಚು ಮಾಡಿದ ರೀತಿ ತಪ್ಪು.

ನಮ್ಮ ದೇಶದ ಲೆಕ್ಕಕ್ಕೆ ಬಂದರೆ ಇದಕ್ಕಿಂತ ನೋವು ಕೊಡೋದು ಜಿಂದರ್ ಮಹಲ್ ಬುಕಿಂಗ್. 2007ರಲ್ಲಿ ಗ್ರೇಟ್ ಖಲಿಗೆ 20 ಜನರ ಬ್ಯಾಟಲ್ ರಾಯಲ್ (ಎಲ್ಲರೂ ಒಟ್ಟಿಗೆ ಇಳಿದು ಕೊನೆಗೆ ಉಳಿದವನು ಗೆಲ್ಲೋ ಪಂದ್ಯ) ಗೆಲ್ಲಿಸಿ ಬೆಲ್ಟ್ ಕೊಟ್ಟಾಗ ಕನಿಷ್ಠ ಆ ಮೈಕಟ್ಟು ನೋಡಿದರೆ ಯಾರಿಗೂ ಅನುಮಾನ ಬರ್ತಿರಲಿಲ್ಲ. ಜಿಂದರ್ ಹುಟ್ಟಿದ್ದು ಕೆನಡಾದಲ್ಲಿ, ಆದರೂ ಭಾರತದ ಮಾರುಕಟ್ಟೆ ಮನಸ್ಸಿನಲ್ಲಿಟ್ಟು ಕಟ್ಟಿದ ಚಾಂಪಿಯನ್ ಅಂತಲೇ ನಾವೆಲ್ಲ ನೋಡಿದ್ದು. ತಿಂಗಳುಗಟ್ಟಲೆ ಬರೀ ಸೋಲ್ತಾ ಇದ್ದವನನ್ನ 2017ರ ಏಪ್ರಿಲ್‌ನಲ್ಲಿ ಆರು ಜನರ ಪಂದ್ಯ ಗೆಲ್ಲಿಸಿ, ಮೇ 21ಕ್ಕೆ ರಾಂಡಿ ಆರ್ಟನ್ ಮೇಲೆ ಚಾಂಪಿಯನ್ ಮಾಡಿದರು. ನಡುವೆ ಐದೇ ವಾರ. ಮೊಳಕೆ ಬರೋ ಮೊದಲೇ ಕೊಯ್ಲಿಗೆ ಇಳಿದ ಹಾಗೆ. ಆಮೇಲೆ ಅವನು ಗೆದ್ದದ್ದು ಬಹುಪಾಲು ಅವನ ಸಹಾಯಕರಾದ ಸಿಂಗ್ ಸಹೋದರರು ರಿಂಗ್ ಪಕ್ಕದಿಂದ ಕೈಹಾಕಿದ್ದರಿಂದ, ಮತ್ತೆ ಮತ್ತೆ ಅದೇ. ಖಳ ಒಂದೆರಡು ಸಲ ಮೋಸದಲ್ಲಿ ಗೆಲ್ಲಲಿ, ಜನ ಉರೀಬೇಕು. ಮತ್ತೆ ಮತ್ತೆ ಹಾಗೇ ಆದರೆ ಇವನ ಕೈಲಿ ಏನೂ ಆಗಲ್ಲ ಅನ್ನೋ ಭಾವನೆ ಕೂರುತ್ತೆ, ಬೆಲ್ಟ್‌ನ ಬೆಲೆಯೂ ಇಳಿಯುತ್ತೆ. ನವೆಂಬರ್ 7ಕ್ಕೆ ಮ್ಯಾಂಚೆಸ್ಟರ್‌ನಲ್ಲಿ ಎಜೆ ಸ್ಟೈಲ್ಸ್ ಕೈಲಿ ಸೋಲಿಸಿದರು. ಡಿಸೆಂಬರ್ 9ಕ್ಕೆ ದೆಹಲಿಗೆ ಬಂದಾಗ ಸೊಂಟದಲ್ಲಿ ಬೆಲ್ಟ್ ಇಲ್ಲ, ಅಲ್ಲೂ ಟ್ರಿಪಲ್ ಎಚ್ ಕೈಲಿ ಸೋಲು. ಯಾವ ಊರಿಗಾಗಿ ಮೆರವಣಿಗೆ ಕಟ್ಟಿದರೋ ಆ ಊರಿನ ಬಾಗಿಲಿಗೆ ಬಂದಾಗ ದೇವರೇ ಪಲ್ಲಕ್ಕಿಯಲ್ಲಿ ಇರಲಿಲ್ಲ. ಒಂದು ತಿಂಗಳು ತಡೆದು, ದೆಹಲಿಯ ಜನರ ಮುಂದೆ ಯಾರ ಸಹಾಯವೂ ಇಲ್ಲದೆ ಒಂದೇ ಒಂದು ಗೆಲುವು ಕೊಟ್ಟಿದ್ದರೆ ಹಿಂದಿನದೆಲ್ಲ ಅರ್ಧ ಮಾಫಿ ಆಗ್ತಿತ್ತು.

ಜನ ಕೂಗಿ ಬುಕಿಂಗ್ ಬದಲಾಯಿಸಿದ್ದೂ ಇದೆ. 2014ರ ಜನವರಿಯ ರಾಯಲ್ ರಂಬಲ್‌ನಲ್ಲಿ (30 ಜನ ಒಬ್ಬೊಬ್ಬರಾಗಿ ಇಳಿಯೋ ಪಂದ್ಯ) ಡೇನಿಯಲ್ ಬ್ರಯನ್‌ನನ್ನ ಬಿಟ್ಟಿದ್ದಕ್ಕೆ ಜನ ಗೆದ್ದ ಬಟಿಸ್ಟಾನಿಗೂ ಛೀ ಅಂದರು, 30ನೇ ಸಂಖ್ಯೆಯಲ್ಲಿ ಬಂದ ಪಾಪದ ರೇ ಮಿಸ್ಟೀರಿಯೋಗೂ ಛೀ ಅಂದರು. ಏಪ್ರಿಲ್‌ಗೆ ಬ್ರಯನ್ ಒಂದೇ ರಾತ್ರಿ ಟ್ರಿಪಲ್ ಎಚ್‌ನನ್ನೂ ಗೆದ್ದು, ಆರ್ಟನ್-ಬಟಿಸ್ಟಾ ಇಬ್ಬರ ನಡುವಿಂದ ಬೆಲ್ಟೂ ತಗೊಂಡ. ಹತ್ತು ವರ್ಷ ಬಿಟ್ಟು ಕೋಡಿ ರೋಡ್ಸ್‌ಗೂ ಹಾಗೇ ಆಯ್ತು. 2024ರ ಫೆಬ್ರವರಿಯಲ್ಲಿ, ಚಾಂಪಿಯನ್ ರೋಮನ್ ಎದುರಿನ ಪಂದ್ಯದಲ್ಲಿ ಅವನ ಜಾಗಕ್ಕೆ ಹಳೇ ತಾರೆ ದಿ ರಾಕ್ ಬರೋ ಹಾಗೆ ಕಂಡಾಗ ಜನ ತಿರುಗಿಬಿದ್ದರು, ವಾರದೊಳಗೆ ರಾಕ್‌ನನ್ನ ಖಳನ ಕಡೆಗೆ ಸರಿಸಿ ಕಥೆ ತಿರುಗಿಸಿದರು. ಏಪ್ರಿಲ್ 7ಕ್ಕೆ ರೋಮನ್‌ನ 1316 ದಿನದ ಆಳ್ವಿಕೆ ಮುಗೀತು. ಹಿಂದಿನ ವರ್ಷ ಸೋಲೋ ಸಿಕೋವಾ ಅಡ್ಡ ಬಂದು ಕೋಡಿಯನ್ನ ಸೋಲಿಸಿದ್ದಕ್ಕೆ ನನಗೂ ಆಗ ಸಿಟ್ಟು ಬಂದಿತ್ತು. ಈಗ ನೋಡಿದರೆ ಆ ವರ್ಷದ ಕಾಯಿಸುವಿಕೆಯೇ ಗೆಲುವಿಗೆ ಅಷ್ಟು ತೂಕ ಕೊಟ್ಟಿದ್ದು ಅಂತ ಒಪ್ಪಲೇಬೇಕು.

ಅದೇ ರಾಕ್‌ನನ್ನ ನಂಬಿ 2025ರ ಮಾರ್ಚ್ 1ಕ್ಕೆ ಜಾನ್ ಸೀನಾನನ್ನ ಖಳ ಮಾಡಿದರಲ್ಲ, ಅದು ಕೈತಪ್ಪಿದ ಬುಕಿಂಗ್. ಇಪ್ಪತ್ತು ವರ್ಷ ಜನ ಕಾದ ತಿರುವು ಅದು. ಆದರೆ ಏಪ್ರಿಲ್‌ನ ರೆಸಲ್‌ಮೇನಿಯಾಗೆ ರಾಕ್ ಬರಲೇ ಇಲ್ಲ, ಯಾಕೆ ತಿರುಗಿದ ಅನ್ನೋದಕ್ಕೆ ಗಟ್ಟಿ ಕಾರಣವೂ ಸಿಗಲಿಲ್ಲ, ಆಗಸ್ಟ್‌ಗೆ ಸೀನಾ ಮತ್ತೆ ಒಳ್ಳೆಯವನಾದ. ಡಿಸೆಂಬರ್ 13ರ ಕೊನೆಯ ಪಂದ್ಯದಲ್ಲಿ ಗುಂಥರ್ ಹಿಡಿತಕ್ಕೆ ಸಿಕ್ಕಿ ಕೈತಟ್ಟಿ ಒಪ್ಪಿಸಿಕೊಂಡದ್ದಕ್ಕೆ ಬಹಳ ಜನ ಅತ್ತರು, ಬೈದರು. ನನಗೆ ಅದು ಸರಿ ಅನ್ನಿಸ್ತು. ಹೋಗೋವಾಗ ಗಂಟು ಇಳಿಸಿ ಹೋದ.

ಗೆಳೆಯರಿಗೆ ತೋರಿಸೋದಾದರೆ ಬೆಲ್ಟ್ ಪಂದ್ಯದಿಂದ ಶುರು ಮಾಡಬೇಡಿ, ಹಿಂದಿನ ಕಥೆ ಗೊತ್ತಿಲ್ಲದವರಿಗೆ ಅದು ಹತ್ತಲ್ಲ. ಬ್ರೆಟ್-ಆಸ್ಟಿನ್ ಪಂದ್ಯ ಹಾಕಿ, ಮೊದಲ ಸಲ ಶಬ್ದ ಪೂರ್ತಿ ತೆಗೆದು ತೋರಿಸಿ. ಬ್ರೆಟ್ ಕೈ ಯಾವ ಯಾವ ಸಲ ಮಂಡಿಗೆ ಹೋಗುತ್ತೆ, ಆಸ್ಟಿನ್ ಯಾವ ಕಾಲಿಗೆ ಭಾರ ಕೊಡ್ತಾನೆ ಅಂತ ನೋಡೋಕೆ ಹೇಳಿ, ಗರಡಿಯಲ್ಲಿ ಪಳಗಿದ ಕಣ್ಣಿಗೆ ಅದು ತಾನಾಗೇ ಕಾಣುತ್ತೆ. ಎರಡನೇ ಸಲ ಶಬ್ದ ಇಟ್ಟು, ಪರದೆ ಬಿಟ್ಟು ಜನರ ಕೂಗು ಕೇಳಿಸಿ. ಶುರುವಲ್ಲಿ ಅವರು ಯಾರ ಹೆಸರು ಕೂಗ್ತಿದ್ದರು, ಕೊನೆಯ ಐದು ನಿಮಿಷದಲ್ಲಿ ಯಾರ ಹೆಸರು ಕೂಗಿದರು ಅಂತ ಅವರನ್ನೇ ಕೇಳಿ.