ನಿನ್ನೆಗೆ ಹೋಗಿ ಬಂದವಳಿಗೆ ಪ್ರಶ್ನೆಗಳು

ಎರಡು ತಿಂಗಳ ಹಿಂದೆ ಇದೇ ಪತ್ರಿಕೆಯಲ್ಲಿ ಪೆಸಿಫಿಕ್ ಸಾಗರದ ರಾರೋಟೊಂಗಾ ಎಂಬ ದ್ವೀಪದ ಬಗ್ಗೆ ಒಂದು ಪುಟ ಬರೆದಿದ್ದೆ. ಆಕ್ಲೆಂಡಿನ ಮಗಳ ಮನೆಗೆ ಹೋಗಿದ್ದವಳು ಅವಳ ಜೊತೆ ಆಗಸ್ಟಿನಲ್ಲಿ ಹನ್ನೊಂದು ದಿನ ಅಲ್ಲಿದ್ದು ಬಂದ ಕಥೆ. ಅದಕ್ಕೆ ಬಂದ ಪತ್ರಗಳ ಕಟ್ಟನ್ನು ಸಂಪಾದಕರು ಕುಂದಾಪುರಕ್ಕೆ ಕಳಿಸಿ, "ಉತ್ತರ ನೀವೇ ಬರೆಯಿರಿ" ಎಂದಿದ್ದಾರೆ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಊರವರ ಪತ್ರ ವಿಂಗಡಿಸಿದವಳು ನಾನು. ನನ್ನ ಹೆಸರಿಗೇ ಇಷ್ಟು ಪತ್ರ ಬಂದದ್ದು ಇದೇ ಮೊದಲು. ಒಂದೇ ಪ್ರಶ್ನೆಯನ್ನು ನಾಲ್ಕೈದು ಮಂದಿ ಕೇಳಿದ್ದಲ್ಲಿ ಒಬ್ಬರದನ್ನು ಮಾತ್ರ ಎತ್ತಿಕೊಂಡಿದ್ದೇನೆ.

"ಶನಿವಾರ ಹೊರಟು ಶುಕ್ರವಾರ ತಲುಪಿದೆ" ಎಂದು ಬರೆದಿದ್ದೀರಿ. ಅಚ್ಚಿನ ತಪ್ಪೋ, ನಿಮ್ಮ ತಪ್ಪೋ? (ಶಿರಸಿಯ ಓದುಗರು)

ಇಬ್ಬರದ್ದೂ ಅಲ್ಲ. ಆಕ್ಲೆಂಡಿನಿಂದ ಈಶಾನ್ಯಕ್ಕೆ ಸುಮಾರು ನಾಲ್ಕು ಗಂಟೆ ಹಾರಿದರೆ ರಾರೋಟೊಂಗಾ. ನಡುವೆ ಅಂತರರಾಷ್ಟ್ರೀಯ ದಿನರೇಖೆ ದಾಟಬೇಕು, ಪೂರ್ವಕ್ಕೆ ದಾಟಿದರೆ ತಾರೀಕು ಒಂದು ದಿನ ಹಿಂದಕ್ಕೆ ಹೋಗುವ ಗೆರೆ ಅದು. ನಾವು ಹತ್ತಿದ್ದು ಶನಿವಾರ ಬೆಳಗ್ಗೆ ಒಂಬತ್ತಕ್ಕೆ; ಇಳಿದಾಗ ಅಲ್ಲಿ ಶುಕ್ರವಾರ ಮಧ್ಯಾಹ್ನ ಮೂರು. ಅದೇ ಹೊತ್ತಿಗೆ ಕುಂದಾಪುರದಲ್ಲಿ ಶನಿವಾರ ಬೆಳಗ್ಗೆ ಆರೂವರೆ, ನಮ್ಮ ಮನೆಗೆ ಹಾಲಿನವನು ಬರುವ ಸಮಯ.

ಕೆಲಸದಲ್ಲಿದ್ದಾಗ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಮುದ್ರೆಯ ತಾರೀಕು ಬದಲಿಸುವುದು. ಒಂದು ದಿನ ಮರೆತರೆ ಇಡೀ ಊರಿನ ಪತ್ರಗಳೆಲ್ಲ ನಿನ್ನೆಯವೇ. ಅಂಥವಳ ಪಾಸ್‌ಪೋರ್ಟಿನ ಒಂದೇ ಪುಟದಲ್ಲಿ ಹೊರಟ ಮುದ್ರೆಗಿಂತ ತಲುಪಿದ ಮುದ್ರೆಗೆ ಒಂದು ದಿನ ಕಡಿಮೆ! ಮರಳುವಾಗ ಲೆಕ್ಕ ಚುಕ್ತಾ ಆಯಿತೆನ್ನಿ. ಸೋಮವಾರ ಸಂಜೆ ನಾಲ್ಕಕ್ಕೆ ಹತ್ತಿ ನಾಲ್ಕೇ ಗಂಟೆ ಕುಳಿತರೂ ಇಳಿದಾಗ ಮಂಗಳವಾರ ಸಂಜೆ ಆರು.

ವೀಸಾ ಬಗ್ಗೆಯೂ ಕೇಳಿದ್ದೀರಿ. ರಾರೋಟೊಂಗಾ ಇರುವುದು ಕುಕ್ ದ್ವೀಪಗಳಲ್ಲಿ. ಪ್ರವಾಸಿಗೆ 31 ದಿನದವರೆಗೆ ಮೊದಲೇ ವೀಸಾ ಮಾಡಿಸುವ ಗೊಡವೆ ಇಲ್ಲ, ಮರಳುವ ಟಿಕೆಟ್ ಇರಬೇಕು, ಉಳಿಯುವ ಜಾಗ ಗೊತ್ತುಮಾಡಿರಬೇಕು. ತೊಡಕಿರುವುದು ದಾರಿಯಲ್ಲಿ. ಆಕ್ಲೆಂಡಿನಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಭಾರತದ ಪಾಸ್‌ಪೋರ್ಟಿನವರಿಗೆ ನ್ಯೂಜಿಲೆಂಡಿನ ವೀಸಾ ಬೇಕು. ಟಿಕೆಟ್ ಕೊಳ್ಳುವ ಮೊದಲೇ ಅದನ್ನು ನೋಡಿಕೊಳ್ಳಿ.

ನಾವು ಶುದ್ಧ ಸಸ್ಯಾಹಾರಿಗಳು. ಹನ್ನೊಂದು ದಿನ ಏನು ತಿಂದಿರಿ? (ದಾವಣಗೆರೆಯ ಓದುಗಿ)

ಕೆಸುವಿನ ಎಲೆ ತಿಂದೆ. ನಗಬೇಡಿ, ನಿಜ.

ಅಲ್ಲಿ ಪ್ರತಿ ಮನೆಯ ಹಿಂದೆ, ನೀರು ನಿಂತ ತಗ್ಗಿನಲ್ಲಿ, ಕೆಸುವಿನ ಗದ್ದೆ. ನಮ್ಮಲ್ಲಿ ಮಳೆಗಾಲದಲ್ಲಿ ತೋಡಿನ ಬದಿಯಲ್ಲಿ ತಾನಾಗಿ ಏಳುವುದನ್ನು ಅವರು ಭತ್ತದ ಹಾಗೆ ಸಾಲು ಹಿಡಿದು ನೆಡುತ್ತಾರೆ. ಗೆಡ್ಡೆಯೇ ಅವರ ಅನ್ನ. ಎಲೆಯನ್ನು ಕಾಯಿಹಾಲಿನಲ್ಲಿ ಬೇಯಿಸಿದರೆ ಅದಕ್ಕೆ 'ರುಕಾವು' ಎಂದು ಹೆಸರು.

ಎರಡನೇ ದಿನ ಸಂತೆಯಿಂದ ಎಲೆಯ ಕಟ್ಟು ತಂದು ಪತ್ರೊಡೆ ಮಾಡಲು ಕೂತೆ. ಅಕ್ಕಿ ಇತ್ತು, ತೆಂಗಿನಕಾಯಿ ಇತ್ತು, ಮೆಣಸು ಮಗಳ ಚೀಲದಲ್ಲಿತ್ತು. ಹುಣಿಸೆಹಣ್ಣು ಇರಲಿಲ್ಲ. ಲಿಂಬೆ ಹಿಂಡಿದೆ, ಸಾಕೆಂದುಕೊಂಡೆ. ಮನೆಯಲ್ಲಿ ಮಾಡುವಷ್ಟೇ ಹೊತ್ತು ಉಗಿಯಲ್ಲಿ ಬೇಯಿಸಿದೆ. ಮೊದಲ ತುತ್ತಿಗೇ ಗಂಟಲಲ್ಲಿ ಸೂಜಿ ಚುಚ್ಚಿದ ಹಾಗೆ. ಸೂಜಿಯೇ ಅನ್ನಿ, ಕೆಸುವಿನೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿರುತ್ತವೆ. ಮಗಳು ನೀರು ಕುಡಿಯುತ್ತಾ, ಕೆಮ್ಮುತ್ತಾ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಕೆಮ್ಮು ಕೇಳಿ ಪಕ್ಕದ ಮನೆಯಾಕೆ ಬಂದಳು. ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಒಂದೂ ಮಾತಾಡದೆ, ಉಳಿದ ಎಲೆಯನ್ನೆಲ್ಲ ತನ್ನ ಮನೆಗೆ ಒಯ್ದಳು. ಹಿಂದೆಯೇ ಹೋದೆ. ದಂಟು, ನಡುನಾರು ಕಿತ್ತು ಬಿಸಾಡಿದಳು. ಎಲೆಯನ್ನು ಕೈಯಿಂದಲೇ ಹರಿದು ನೀರಿಗೆ ಹಾಕಿ ಕುದಿಸಿದಳು. ಒಂದು ಗಂಟೆ ದಾಟಿತು. ಎಲೆ ತನ್ನ ಆಕಾರ ಮರೆತು ಹಸಿರು ಮುದ್ದೆಯಾದ ಮೇಲೆ ನೀರು ಬಸಿದು, ಹಿಂಡಿ, ದಪ್ಪ ಕಾಯಿಹಾಲು, ಈರುಳ್ಳಿ, ಉಪ್ಪು. ಅಷ್ಟೇ. ತಿಂದರೆ ಗಂಟಲು ಬೆಣ್ಣೆ. ನಾವು ಹುಳಿಯಿಂದ ಪಳಗಿಸುವುದನ್ನು ಅವರು ಬೆಂಕಿಯಿಂದ ಪಳಗಿಸುತ್ತಾರೆ. ಅರವತ್ತೈದು ವರ್ಷ ಕೆಸು ತಿಂದ ನನಗೆ ಇದು ಗೊತ್ತಿರಲಿಲ್ಲ.

ಇನ್ನೊಂದು 'ಕುರು'. ಗುರುತಾಯಿತೇ? ನಮ್ಮ ಜೀಗುಜ್ಜೆ. ಅದರ ತವರೇ ಆ ಕಡೆ, ನಮ್ಮ ಕರಾವಳಿಗೆ ಅದು ವಲಸೆ ಬಂದ ಮರ. ಅವರು ಇಡಿಯಾಗಿ ಕೆಂಡದ ಮೇಲೆ ಸುಟ್ಟು, ಕರಿ ಸಿಪ್ಪೆ ಕೆರೆದು, ಬಿಳಿ ತಿರುಳನ್ನು ಬ್ರೆಡ್ಡಿನ ಹಾಗೆ ಹರಿದು ತಿನ್ನುತ್ತಾರೆ. ನಾನು ಪೋಡಿ ಮಾಡಿ ಆ ನೆರೆಮನೆಯಾಕೆಗೆ ಕೊಟ್ಟೆ. ಲೆಕ್ಕ ಸಮವಾಯಿತು.

ಹೋಟೆಲಿನಲ್ಲಿ ತಿನ್ನುವುದಾದರೆ ಎರಡು ಎಚ್ಚರ. ರುಕಾವಿಗೆ ಕೆಲವರು ಡಬ್ಬಿಯ ದನದ ಮಾಂಸ ಬೆರೆಸುತ್ತಾರೆ, ಕೇಳಿಯೇ ಬಡಿಸಿಕೊಳ್ಳಿ. ಗುಲಾಬಿ ಬಣ್ಣದ ಆಲೂಗಡ್ಡೆ ಸಲಾಡ್ ಕಂಡರೆ ಬೀಟ್‌ರೂಟ್ ಎಂದು ನಂಬಿ ಹಾಕಿಸಿಕೊಳ್ಳಬೇಡಿ. ಬೀಟ್‌ರೂಟ್ ಇರುವುದು ಹೌದು, ಜೊತೆಗೆ ಮೊಟ್ಟೆಯ ಮಯೋನೀಸೂ ಇದೆ. ಮೀನು ತಿನ್ನುವವರಾದರೆ 'ಇಕಾ ಮಾತಾ' ಬಿಡಬೇಡಿ: ಹಸಿ ಮೀನು, ಲಿಂಬೆರಸ, ಕಾಯಿಹಾಲು. ಮಗಳು ಮೂರು ಸಲ ತಿಂದಳು. ನಾನು ಬಟ್ಟಲನ್ನು ನೋಡಿದೆ ಅಷ್ಟೇ.

ನಮಗೂ ಕಡಲಿದೆ, ತೆಂಗಿದೆ, ಮೀನಿದೆ. ಅದನ್ನೇ ನೋಡಲು ಅಷ್ಟು ದೂರ ಯಾಕೆ? (ಕಾರವಾರದ ಓದುಗರು)

ಇದೇ ಪ್ರಶ್ನೆಯನ್ನು ನಾನು ವಿಮಾನದಲ್ಲಿ ಮಗಳಿಗೆ ಕೇಳಿದ್ದೆ. ಈಗ ನನ್ನ ಉತ್ತರ: ತೆಂಗು ಅದೇ, ಕಡಲು ಅದಲ್ಲ. ಹಾಗೆಂದು ತಿಳಿಯದೆ ನಾನು ಕಾಲು ಕೊಯ್ದುಕೊಂಡೆ.

ಮರವಂತೆಯಲ್ಲಿ ನಿಂತರೆ ಅಲೆ ನಿಮ್ಮ ಕಾಲಬುಡಕ್ಕೇ ಬಂದು ಒಡೆಯುತ್ತದೆ. ರಾರೋಟೊಂಗಾದಲ್ಲಿ ದಡಕ್ಕೆ ಅಲೆಯೇ ಬರುವುದಿಲ್ಲ. ದ್ವೀಪದ ಸುತ್ತ ಹವಳದ ದಿಬ್ಬದ ಬಳೆ ಇದೆ. ಅಲೆ ಅಲ್ಲೇ ದೂರದಲ್ಲಿ ಬಿಳಿ ಗೆರೆಯಾಗಿ ಒಡೆದು, ಒಳಗೆ ಲಗೂನಿನಲ್ಲಿ, ಅಂದರೆ ದಿಬ್ಬಕ್ಕೂ ದಡಕ್ಕೂ ನಡುವೆ, ಸೊಂಟದಷ್ಟು ತಿಳಿನೀರು ನಿಲ್ಲುತ್ತದೆ. ನಾವಿದ್ದ ಊರಿನ ಹೆಸರು ಮುರಿ. ಅಲೆ ಮುರಿಯುವ ಸದ್ದು ಅಲ್ಲಿ ರಾತ್ರಿಯಿಡೀ ಕೇಳುತ್ತದೆ, ಅಲೆ ಮಾತ್ರ ಬರುವುದಿಲ್ಲ. ಬಾಗಿಲ ಹೊರಗೆ ಯಾರೋ ಸದಾ ಚಾಪೆ ಕೊಡವುತ್ತಿರುವ ಹಾಗೆ.

ನೀರಿಗೆ ಇಳಿಯುವಾಗ ರಬ್ಬರ್ ಚಪ್ಪಲಿ ಹಾಕಿಕೋ ಎಂದು ಮಗಳು ಹೇಳಿದಳು. ಕಡಲೂರಿನಲ್ಲಿ ಹುಟ್ಟಿದವಳಿಗೆ ನೀರಲ್ಲಿ ಎಂಥ ಚಪ್ಪಲಿ ಮಾರಾಯ್ತಿ ಎಂದೆ. ಐದು ನಿಮಿಷದಲ್ಲಿ ಹಿಮ್ಮಡಿಗೆ ಹವಳ ತಾಗಿತು. ಗಾಯ ಉಗುರಿನಷ್ಟು, ಮಾಯಲು ಮೂರು ವಾರ. ಹವಳ ಕಲ್ಲಲ್ಲ, ಜೀವ. ಅದರ ಚೂರು ಗಾಯದೊಳಗೆ ಉಳಿದರೆ ಕೀವಾಗುತ್ತದೆ.

ಆಮೇಲೆ ಕೂತು ನೋಡುವುದು ಕಲಿತೆ. ದಿಬ್ಬದ ಮೇಲಿಂದ ಹಾರಿ ಲಗೂನಿಗೆ ಬಿದ್ದ ನೀರೆಲ್ಲ ಮತ್ತೆ ಹೊರಗೆ ಹೋಗಬೇಕಲ್ಲ, ದಿಬ್ಬದಲ್ಲಿ ಅಲ್ಲಲ್ಲಿ ಸಂದುಗಳಿವೆ, ಅವುಗಳ ಮೂಲಕ ಹೋಗುತ್ತದೆ. ದಕ್ಷಿಣದ ಅವಾವರೋವಾ ಎಂಬ ಸಂದಿನಲ್ಲಿ ಜನ ಜೀವ ಕಳೆದುಕೊಂಡಿದ್ದಾರೆ. ಮೇಲೆ ಅಲೆ ಇಲ್ಲ, ನೊರೆ ಇಲ್ಲ, ಕಡುನೀಲಿ ಶಾಂತ ನೀರು. ಕೆಳಗೆ ಹೊಳೆಯ ಸೆಳೆತ. ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಆ ಕಡೆ ಈಜಬೇಡಿ. ನಮ್ಮ ಮೊಗವೀರರು ಹೇಳುವುದೂ ಅದನ್ನೇ ಅಲ್ಲವೇ, ಸುಮ್ಮನಿರುವ ನೀರನ್ನು ನಂಬಬೇಡ ಅಂತ.

ಲಗೂನಿನ ಕೆಲವು ಭಾಗಗಳಲ್ಲಿ 'ರಾಉಇ' ಇದೆ. ಊರ ಹಿರಿಯರು ಇಷ್ಟು ಕಾಲ ಇಲ್ಲಿ ಮೀನು ಹಿಡಿಯಕೂಡದು ಎಂದು ಕಟ್ಟು ಹಾಕುವುದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸರ್ಕಾರ ಹಾಕುವ ನಿಷೇಧ ನೆನಪಾಯಿತು. ಅಂಥ ಜಾಗದಲ್ಲಿ ಮೀನುಗಳು ಮೊಣಕಾಲಿನ ಹತ್ತಿರವೇ ಬಂದು ನನ್ನ ಚೂಡಿದಾರದ ಅಂಚನ್ನು ಕಚ್ಚಿ ನೋಡಿದವು.

ಮದುವೆಯಾಗಿ ಎರಡು ತಿಂಗಳು. ನೀರಿನ ಮೇಲಿನ ಗುಡಿಸಲಲ್ಲಿ ಉಳಿಯುವ ಆಸೆ. ಎಷ್ಟು ಬೇಕಾದೀತು? (ಬೆಂಗಳೂರಿನ ದಂಪತಿ)

ಆ ಚಿತ್ರಗಳು ಹೆಚ್ಚಾಗಿ ಬೋರಾ ಬೋರಾದವು, ಅದು ಬೇರೆಯೇ ದೇಶ. ನನ್ನ ಪಿಂಚಣಿಗೆ ಅದರ ಬೆಲೆ ಕೇಳುವ ಧೈರ್ಯವೂ ಇಲ್ಲ. ನಾವಿದ್ದದ್ದು ಅಡುಗೆಮನೆ ಇರುವ ಎರಡು ಕೋಣೆಯ ಮನೆಯಲ್ಲಿ, ತೆಂಗಿನಮರದ ಕೆಳಗೆ. ದ್ವೀಪದಲ್ಲಿ ಯಾವ ಕಟ್ಟಡವೂ ತೆಂಗಿನಮರಕ್ಕಿಂತ ಎತ್ತರ ಇರಬಾರದೆನ್ನುತ್ತಾರೆ, ಇದ್ದದ್ದೂ ನಾನು ಕಾಣೆ.

ಓಡಾಟಕ್ಕೆ ಬಸ್ಸು ಸಾಕು. ದ್ವೀಪದ ಸುತ್ತಿನ ರಸ್ತೆ 32 ಕಿಲೋಮೀಟರ್. ಬಸ್ಸಿನ ಮೇಲೆ ಊರಿನ ಹೆಸರೇ ಇಲ್ಲ. ಒಂದರ ಮೇಲೆ 'ಗಡಿಯಾರದ ದಿಕ್ಕು', ಇನ್ನೊಂದರ ಮೇಲೆ 'ವಿರುದ್ಧ ದಿಕ್ಕು'. ಯಾವುದು ಹತ್ತಿದರೂ ಮನೆಗೆ ಬಂದೇ ಬರುತ್ತೀರಿ. ನವೆಂಬರಿನಿಂದ ಏಪ್ರಿಲ್ ಚಂಡಮಾರುತದ ಕಾಲ, 2005ರಲ್ಲಿ ಒಂದು ತಿಂಗಳ ಆಸುಪಾಸಿನಲ್ಲಿ ಐದು ಬಂದಿದ್ದವಂತೆ. ಮೇ ಕಳೆದ ಮೇಲೆ ಹೋಗಿ. ರಾತ್ರಿಗೊಂದು ಸ್ವೆಟರ್ ಇರಲಿ. ಹುಂಜಗಳು ಬೆಳಗಾಗುವುದನ್ನು ಕಾಯುವುದಿಲ್ಲ, ಕಿವಿಗೆ ಹತ್ತಿಯೂ ಇರಲಿ.

ಅಲ್ಲಿನ ಜನ ಹೇಗೆ? ನಮ್ಮಂಥವರನ್ನು ಹೇಗೆ ಕಾಣುತ್ತಾರೆ? (ಹಾಸನದ ಓದುಗರು)

ನೋಡಿದ ಕೂಡಲೇ 'ಕಿಯಾ ಒರಾನಾ' ಎನ್ನುತ್ತಾರೆ. ನಮಸ್ಕಾರ ಎಂದಲ್ಲ, 'ಬಾಳಿ ಬದುಕು' ಎಂದು ಅರ್ಥ. ಹತ್ತು ವರ್ಷದ ಹುಡುಗಿಯೊಬ್ಬಳು ನನಗೆ ಹಾಗೆ ಹರಸಿದಾಗ ಏನು ಹೇಳಬೇಕೆಂದೇ ತಿಳಿಯಲಿಲ್ಲ.

ಶನಿವಾರ ದ್ವೀಪದ ಮುಖ್ಯ ಪಟ್ಟಣ ಅವಾರುವಾದಲ್ಲಿ ಪುನಾಂಗಾ ನುಯಿ ಎಂಬ ಸಂತೆ. ಅಭ್ಯಾಸಬಲದಿಂದ ಪಪ್ಪಾಯಿಗೆ ಚೌಕಾಸಿ ಮಾಡಿದೆ. ಮಾರುವಾಕೆ ಸಿಟ್ಟಾಗಲಿಲ್ಲ, ಬೇಸರದಿಂದ ಹಣ್ಣನ್ನು ತಿರುಗಿಸಿ ನೋಡಿದಳು, ಎಲ್ಲಿ ಕೊಳೆತಿದೆಯೋ ಎಂದು. ಅಲ್ಲಿ ಬೆಲೆ ಕಡಿಮೆ ಕೇಳುವುದೆಂದರೆ ಮಾಲು ಕೆಟ್ಟಿದೆ ಎಂದ ಹಾಗೆ. ಮಗಳು ತೋಳು ಹಿಡಿದು ಎಳೆದಳು. ನಾನು ಎರಡು ಹಣ್ಣು ಕೊಂಡು ಪ್ರಾಯಶ್ಚಿತ್ತ ಮಾಡಿಕೊಂಡೆ.

ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಊರಿಗೆ ಊರೇ ಇಗರ್ಜಿಗೆ. ಅವಾರುವಾದ ಇಗರ್ಜಿ 1853ರದು, ಗೋಡೆಗೆ ಹವಳ ಸುಟ್ಟ ಸುಣ್ಣ. ನಮ್ಮ ಹಳೆ ಮನೆಗಳ ಚಿಪ್ಪಿನ ಸುಣ್ಣದ್ದೇ ನುಣುಪು. ಹೆಂಗಸರ ತಲೆಯ ಮೇಲೆ ಎಳೆಗರಿಯ ಬಿಳಿ ಟೊಪ್ಪಿ. ಹಿಂದಿನ ಸಾಲಿನಲ್ಲಿ ಕೂತೆ. ಹಾಡು ಶುರುವಾಯಿತು, ಪಿಯಾನೋ ಇಲ್ಲ, ಹಾರ್ಮೋನಿಯಂ ಇಲ್ಲ. ಹೆಂಗಸರ ದನಿ ಎತ್ತರಕ್ಕೆ ಚುಚ್ಚಿಕೊಂಡು ಹೋದರೆ ಗಂಡಸರು ಕೆಳಗಿನಿಂದ 'ಹುಂ, ಹುಂ' ಎಂದು ಹೊಟ್ಟೆಯಿಂದ ದನಿ ನೂಕುತ್ತಾರೆ. ಇದಕ್ಕೆ 'ಇಮೆನೆ ತುಕಿ' ಎಂದು ಹೆಸರು. ನನಗೆ ಚಿಕ್ಕಂದಿನಲ್ಲಿ ಕಂಡ ರಂಪಣಿ ಬಲೆ ನೆನಪಾಯಿತು, ಎರಡು ಸಾಲು ಗಂಡಸರು ಐಲೇಸಾ ಎಂದು ಎಳೆಯುತ್ತಿದ್ದದ್ದು.

ಸತ್ತವರನ್ನು ಮನೆಯ ಅಂಗಳದಲ್ಲೇ ಹೂಳುತ್ತಾರೆ. ಸಮಾಧಿಗೆ ಟೈಲ್ಸ್, ಮೇಲೆ ಮಾಡು, ಹೂ. ಮೊದಲ ದಿನ ನನಗೆ ಅಂಜಿಕೆಯಾಯಿತು. ನೆರೆಮನೆಯಾಕೆ ಅತ್ತೆಯ ಸಮಾಧಿಯ ಮೇಲೆ ಕೂತು ಬಟ್ಟೆ ಮಡಚುವುದನ್ನು ಕಂಡ ಮೇಲೆ ಹೋಯಿತು. ಅಲ್ಲಿ ಜಮೀನು ಮಾರುವ ಹಾಗಿಲ್ಲ, ಹೆಚ್ಚೆಂದರೆ 60 ವರ್ಷಕ್ಕೆ ಗುತ್ತಿಗೆ. ಅತ್ತೆ ಮಲಗಿರುವ ಅಂಗಳವನ್ನು ಯಾರಾದರೂ ಮಾರುತ್ತಾರೆಯೇ? ಆದರೂ ಮನೆಗಳು ಖಾಲಿ. ಈ ಜನರಲ್ಲಿ ದ್ವೀಪದಲ್ಲಿರುವವರಿಗಿಂತ ನ್ಯೂಜಿಲೆಂಡಿನಲ್ಲಿರುವವರೇ ಎಷ್ಟೋ ಪಾಲು ಹೆಚ್ಚು. ಆಕೆಯ ಮೂವರು ಮಕ್ಕಳೂ ಆಕ್ಲೆಂಡಿನಲ್ಲಿ. "ನನ್ನ ಮಗಳೂ ಅಲ್ಲೇ" ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಬಟ್ಟೆ ಮಡಚಿದೆವು.

ನಾನು ಒಂಬತ್ತನೇ ತರಗತಿ. ಅಂಚೆಚೀಟಿ ಸಂಗ್ರಹಿಸುತ್ತೇನೆ. ಅಲ್ಲಿನ ಚೀಟಿ, ನಾಣ್ಯ ತಂದಿದ್ದೀರಾ? (ಮೈಸೂರಿನ ವಿದ್ಯಾರ್ಥಿ)

ಮಗೂ, ನಿನ್ನ ಪತ್ರವನ್ನೇ ನಾನು ಮೊದಲು ಒಡೆದದ್ದು. ಆ ದ್ವೀಪಗಳ ಸ್ವಂತ ಅಂಚೆಚೀಟಿ ಮೊದಲು ಬಂದದ್ದು 1892ರಲ್ಲಿ. ಮರುವರ್ಷದ ಚೀಟಿಗಳಲ್ಲಿ ಅಲ್ಲಿನ ರಾಣಿ ಮಕೆಯಾ ತಕಾವು ಅವರ ಚಿತ್ರವಿತ್ತು. ಕ್ಯಾಪ್ಟನ್ ಕುಕ್ ಹೆಸರಿನ ದೇಶವಾದರೂ ಆತ ರಾರೋಟೊಂಗಾವನ್ನು ಕಣ್ಣಲ್ಲೂ ಕಂಡವನಲ್ಲ. ಇದನ್ನು ನಿನ್ನ ಮೇಷ್ಟರಿಗೆ ಹೇಳು.

ವ್ಯವಹಾರ ನ್ಯೂಜಿಲೆಂಡ್ ಡಾಲರಿನಲ್ಲೇ. ಆದರೆ ಅವರದೇ ಎರಡು ಡಾಲರಿನ ನಾಣ್ಯ ಉಂಟು, ಮೂರು ಮೂಲೆಯದು. ಮೂರು ಡಾಲರಿನ ನೋಟೂ ಉಂಟು. ಅದರಲ್ಲಿ ಇನಾ ಎಂಬ ಹೆಣ್ಣು ಶಾರ್ಕಿನ ಬೆನ್ನೇರಿ ಹೊರಟಿದ್ದಾಳೆ, ಪ್ರಿಯಕರನನ್ನು ಹುಡುಕಿಕೊಂಡು. ದಾರಿಯಲ್ಲಿ ತೆಂಗಿನಕಾಯಿಯನ್ನು ಶಾರ್ಕಿನ ತಲೆಗೇ ಕುಕ್ಕಿ ಒಡೆದಳಂತೆ. ದೇಶದ ಹೊರಗೆ ಅವು ನಡೆಯುವುದಿಲ್ಲ. ಹಾಗಾಗಿಯೇ ಉಳಿದಿವೆ. ಒಂದು ನಾಣ್ಯ ನಿನಗೆ ಸಂಪಾದಕರ ಮೂಲಕ ಕಳಿಸುತ್ತಿದ್ದೇನೆ.

ಚೀಟಿ ಕೊಡಲಾರೆ. ಅವಾರುವಾದ ಅಂಚೆ ಕಚೇರಿಯಿಂದ ನನಗೆ ನಾನೇ ಒಂದು ಕಾರ್ಡ್ ಹಾಕಿಕೊಂಡಿದ್ದೆ, ಮೀನಿನ ಚಿತ್ರದ ಚೀಟಿ ಹಚ್ಚಿ. ಕೌಂಟರಿನ ಹುಡುಗಿಗೆ ಕೈಸನ್ನೆಯಲ್ಲಿ ಮುದ್ರೆಯನ್ನು ನೆಟ್ಟಗೆ, ಅಂಚಿಗೆ, ಹಗುರವಾಗಿ ಒತ್ತು ಎಂದು ಹೇಳಿಕೊಟ್ಟೂ ಇದ್ದೆ. ನಕ್ಕು ತಲೆಯಾಡಿಸಿದಳು. ನಲವತ್ತೇಳನೇ ದಿನ ನಮ್ಮ ಪೋಸ್ಟ್‌ಮನ್ ತಂದುಕೊಟ್ಟ. ಮೀನು ಚೆನ್ನಾಗಿದೆ, ವಿಳಾಸವೂ ಅಳಿಸಿಲ್ಲ. ಮುದ್ರೆ ಮಾತ್ರ ಮಸಿ ಹರಡಿ ಕಪ್ಪು ಚಂದ್ರನಾಗಿದೆ. ಭೂತಗನ್ನಡಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದೆ, ತಾರೀಕು ಓದಲಾಗುವುದಿಲ್ಲ.