ಮೊದಲು ಹಳ್ಳ, ಆಮೇಲೆ ದಾರಿ, ಕೊನೆಗೆ ಸೈಟು

ಓದುಗರ ಪತ್ರ: ನಮ್ಮ ಊರು ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್. 3 ಎಕರೆ 12 ಗುಂಟೆ ಜಮೀನಿದೆ. ಮೇಲೆ ಹಕ್ಕಲು (ಎತ್ತರದ ಒಣ ನೆಲ), ಕೆಳಗೆ ಒಂದೂವರೆ ಎಕರೆ ಬೈಲುಗದ್ದೆ, ಮಧ್ಯೆ ಹಳ್ಳ. ಪಕ್ಕದ ಸರ್ವೆ ನಂಬರಿಗೆ ಮಾಸ್ಟರ್ ಪ್ಲಾನ್‌ನಲ್ಲಿ ವಸತಿಯ ಹಳದಿ ಬಣ್ಣ, ನಮಗೆ ಹಸಿರು. ಅವರಿಗೆ ಕೋಟಿ, ನಮಗೆ ಕೃಷಿ ವಲಯ. ಆಳು ಸಿಗುವುದಿಲ್ಲ, ಅಡಿಕೆಗೆ ಎಲೆಚುಕ್ಕಿ ರೋಗ. ಹಳ್ಳಕ್ಕೆ ಎರಡಡಿ ಪೈಪ್ ಹಾಕಿಸಿ ಮೇಲೆ ರಸ್ತೆ ಮಾಡಿದರೆ 88 ಸೈಟು ಆಗುತ್ತದೆ (ಕೈನಕ್ಷೆ ಲಗತ್ತಿಸಿದ್ದೇನೆ). ನಮ್ಮ ಜಮೀನಿನಲ್ಲಿ ನಾವು ಏನು ಮಾಡಬೇಕೆಂದು ಹೇಳಲು ನಗರಾಭಿವೃದ್ಧಿ ಪ್ರಾಧಿಕಾರದವರು ಯಾರು? ನಿಮ್ಮ ಪತ್ರಿಕೆ ಯಾವಾಗಲೂ ನಿಯಮದ ಪರವಾಗಿಯೇ ಬರೆಯುವುದೇಕೆ?
— ಹೆಸರು ಬೇಡ ಎಂದಿರುವ ಓದುಗರು, ಶಿವಮೊಗ್ಗ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯರೆ, ಇಷ್ಟು ಅಚ್ಚುಕಟ್ಟಾದ ಕೈನಕ್ಷೆ ಪತ್ರಿಕೆಗೆ ಬರುವುದು ಅಪರೂಪ. ಅಡಿ, ಗುಂಟೆ, ದಿಕ್ಕು ಎಲ್ಲ ಬರೆದಿದ್ದೀರಿ. ಸೈಟುಗಳನ್ನು ಕೆಂಪು ಶಾಯಿಯಲ್ಲಿ ಸ್ಕೇಲು ಹಿಡಿದು ಎಳೆದಿದ್ದೀರಿ. ಹಳ್ಳವನ್ನು ಮಾತ್ರ ಪೆನ್ಸಿಲಿನಲ್ಲಿ ಗೀಚಿ, ‘ಅಗಲ 8 ಅಡಿ, ಆಳ 4 ಅಡಿ’ ಎಂದು ಬರೆದು, ಅದರ ಮೇಲೆಯೇ ರಸ್ತೆ ಹಾಯಿಸಿದ್ದೀರಿ. ಈ ಉತ್ತರವೆಲ್ಲ ಆ ಪೆನ್ಸಿಲ್ ಗೆರೆಯನ್ನು ಕುರಿತದ್ದು.

ನಿಮ್ಮ ದೂರಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಬದುವಿನ ಆಚೆಗೊಂದು ಬಣ್ಣ ಈಚೆಗೊಂದು ಬಣ್ಣ ಬಂದಾಗ ಹೊಟ್ಟೆ ಉರಿಯುವುದು ಸಹಜ. ಕಚೇರಿಗೆ ಹತ್ತು ಸಲ ಅಲೆಯುವವರ ಕಷ್ಟವೂ ನಿಜ. ಇಷ್ಟನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇವೆ, ಏಕೆಂದರೆ ನಿಮ್ಮ ಎರಡು ಪುಟದ ಪತ್ರದಲ್ಲಿ ‘ರೇಟು’ ಎಂಬ ಮಾತು ಒಂಬತ್ತು ಸಲ ಬಂದಿದೆ, ‘ನೀರು’ ಒಂದು ಸಲವೂ ಬಂದಿಲ್ಲ.

ಪೈಪಿನ ಲೆಕ್ಕವನ್ನೇ ಮೊದಲು ನೋಡೋಣ. 8 ಅಡಿ ಅಗಲ, 4 ಅಡಿ ಆಳದ ಹಳ್ಳ ತುಂಬಿ ಹರಿದರೆ ನೀರಿಗೆ 32 ಚದರ ಅಡಿ ಬಾಯಿ. ಎರಡಡಿ ಹ್ಯೂಮ್ ಪೈಪಿನ ಬಾಯಿ 3 ಚದರ ಅಡಿಗೆ ಸ್ವಲ್ಪ ಮೇಲೆ. ಹತ್ತರಲ್ಲಿ ಒಂದು ಪಾಲು. ಅದೂ ಪೈಪು ಚೊಕ್ಕಟವಾಗಿದ್ದಾಗ. ಒಂದು ಅಡಿಕೆ ಹಾಳೆ, ಒಂದು ಬಾಳೆದಿಂಡು, ಸೈಟು ಕಟ್ಟುವವರು ಬಿಸಾಕಿದ ಸಿಮೆಂಟ್ ಚೀಲ ಅಡ್ಡ ಕೂತರೆ ಅಷ್ಟೂ ಇಲ್ಲ. ಆಗ ನೀರು ರಸ್ತೆಯ ಮೇಲೆ ಹತ್ತಿ, ತಗ್ಗಿನಲ್ಲಿರುವ ಸೈಟಿನ ಅಡುಗೆಮನೆಗೆ ನುಗ್ಗುತ್ತದೆ. ಹಳ್ಳ ದಾಟಲೇಬೇಕಾದಲ್ಲಿ ಪೈಪಲ್ಲ, ಹಳ್ಳದ ಪೂರ್ತಿ ಅಗಲಕ್ಕೆ ಚಪ್ಪಡಿ ಮೋರಿ ಹಾಕಬೇಕು. ಅದೂ ದಾರಿ ಹಳ್ಳವನ್ನು ಅಡ್ಡಲಾಗಿ ದಾಟುವ ಜಾಗದಲ್ಲಿ ಮಾತ್ರ. ಹಳ್ಳದ ಉದ್ದಕ್ಕೂ ಅದರ ಬೆನ್ನ ಮೇಲೆಯೇ ರಸ್ತೆ ಮಾಡುವಂತಿಲ್ಲ.

ಇನ್ನು ಬೈಲುಗದ್ದೆ. ಅರ್ಧ ಅಡಿ ಬದು ಇರುವ ಒಂದು ಎಕರೆ ಗದ್ದೆ ಬದುವಿನ ಮಟ್ಟಕ್ಕೆ ನೀರು ಹಿಡಿದರೆ ಸುಮಾರು 6 ಲಕ್ಷ ಲೀಟರ್. ನಿಮ್ಮ ಒಂದೂವರೆ ಎಕರೆಗೆ 9 ಲಕ್ಷ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 150 ಟ್ಯಾಂಕರ್ ನೀರು, ಪ್ರತಿ ಜೋರು ಮಳೆಗೂ ನಿಮ್ಮ ಗದ್ದೆಯಲ್ಲಿ ನಿಂತು, ಇಂಗಿ, ನಿಧಾನವಾಗಿ ಕೆಳಗಿನ ಕೆರೆಗೆ ಇಳಿಯುತ್ತದೆ. ಆ ಗದ್ದೆಗೆ ಮೂರಡಿ ಮಣ್ಣು ತುಂಬಿಸಿ ಮಟ್ಟ ಮಾಡಿದ ಮರುದಿನದಿಂದ ಈ ನೀರು ಬೇರೆಯವರ ಮನೆ ಹುಡುಕಿಕೊಂಡು ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ ಎಲ್ಲರೂ ಹೊಳೆಯನ್ನು ಬೈದರು. ಹೊಳೆ ತನ್ನ ಜಾಗದಲ್ಲೇ ಇತ್ತು.

ಬೈಲಿನಲ್ಲಿ ಮನೆ ಕಟ್ಟಿದವರ ಇನ್ನೊಂದು ಪಾಡು ಇಂಗುಗುಂಡಿಯದು. ಮಳೆಗಾಲದಲ್ಲಿ ಬೈಲಿನ ಅಂತರ್ಜಲ ಗೇಣುದ್ದಕ್ಕೆ ಬಂದಿರುತ್ತದೆ. ಗುಂಡಿಯ ನೀರು ಇಂಗಲು ಜಾಗವಿಲ್ಲದೆ ಮೇಲಕ್ಕೇ ಬರುತ್ತದೆ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ 60 ಅಡಿಯಷ್ಟಾದರೂ ಅಂತರವಿರಬೇಕು. 30×40 ಸೈಟಿನ ಮೂಲೆಯಿಂದ ಮೂಲೆಗೆ ದಾರ ಹಿಡಿದರೂ 50 ಅಡಿ ಮಾತ್ರ. ಅಂದಮೇಲೆ ಪ್ರತಿ ಸೈಟಿಗೂ ಒಂದು ಬೋರು, ಒಂದು ಗುಂಡಿ ಎಂಬ ಲೆಕ್ಕಾಚಾರವೇ ತಪ್ಪು. ಬಡಾವಣೆಗೆ ಒಟ್ಟಾಗಿ ಒಂದು ನೀರಿನ ಮೂಲ, ಒಟ್ಟಾಗಿ ಒಂದು ಒಳಚರಂಡಿ ಬೇಕು. ಇದನ್ನು ಸೈಟು ಕೊಂಡವನೊಬ್ಬನೇ ಮಾಡಲಾರ, ಸೈಟು ಮಾಡುವವನು ಮೊದಲೇ ಮಾಡಬೇಕು. ನಿಯಮ ಕೇಳುವುದೂ ಇದನ್ನೇ.

ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಇದರ ಜೊತೆಗೆ ಧರೆಯ, ಅಂದರೆ ಕಡಿದ ಗುಡ್ಡದ ಗೋಡೆಯ, ಕಾಟ. ಗುಡ್ಡದ ಬುಡಕ್ಕೆ ಜೆಸಿಬಿ ಇಟ್ಟು ಹತ್ತು ಹದಿನೈದು ಅಡಿ ನೆಟ್ಟಗೆ ಕಡಿದು ಸೈಟು ತೆಗೆಯುತ್ತಾರೆ. ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುವ ಧರೆ, ನೀರು ಕುಡಿದ ಶೇಡಿ ಜಾರಿದ ಕೂಡಲೇ ಮನೆಯ ಹಿಂಬಾಗಿಲಿಗೆ ಬಂದು ಬೀಳುತ್ತದೆ. ಧರೆ ಕಡಿಯಲೇಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ನೀರು ಪಕ್ಕಕ್ಕೆ ಹೋಗಲು ಅಗಳ ತೆಗೆಯಬೇಕು. ನಮ್ಮ ಅಡಿಕೆ ತೋಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೋಟ ಮಾಡುವಾಗ ಗೊತ್ತಿರುವುದು ಸೈಟು ಮಾಡುವಾಗ ಮರೆಯುವುದೇಕೆ ಎಂಬುದೇ ನಮ್ಮ ಸಂಕಟ.

ಈಗ ನಿಮ್ಮ 88 ಸೈಟು. 3 ಎಕರೆ 12 ಗುಂಟೆ ಎಂದರೆ 132 ಗುಂಟೆ, 1,43,748 ಚದರ ಅಡಿ. 30×40ರ 88 ಸೈಟಿಗೆ 1,05,600 ಚದರ ಅಡಿ ಬೇಕು. ಉಳಿಯುವುದು ನೂರಕ್ಕೆ 27 ಭಾಗ, ಅದರಲ್ಲಿ ರಸ್ತೆ, ಚರಂಡಿ, ಹಳ್ಳ ಎಲ್ಲ ಆಗಬೇಕು. ಉದ್ಯಾನ ಇಲ್ಲ, ಅಂಗನವಾಡಿಗೆ ಜಾಗ ಇಲ್ಲ, ನೀರಿನ ಟ್ಯಾಂಕಿಗೆ ಜಾಗ ಇಲ್ಲ, ಅಗ್ನಿಶಾಮಕ ವಾಹನ ತಿರುಗುವ ಮೂಲೆ ಇಲ್ಲ. ಕ್ರಮಬದ್ಧ ಬಡಾವಣೆಯಲ್ಲಿ ಮಾರುವ ಸೈಟಿಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ನೆಲ. ಅಂದರೆ ನಿಮಗೆ 59 ಸೈಟು. ಕೈತಪ್ಪುವ 29 ಸೈಟಿನ ಮೇಲೆ ನಿಮ್ಮ ಕಣ್ಣಿದೆ. ಆ 29ರ ಜಾಗವೇ ಉಳಿದ 59 ಮನೆಯವರು ಬದುಕಲು ಬೇಕಾದ ಜಾಗ. ಅದು ಸರ್ಕಾರ ಕಿತ್ತುಕೊಂಡ ಭೂಮಿಯಲ್ಲ.

ದಲ್ಲಾಳಿಗಳು ‘ಡಿಸಿ ಕನ್ವರ್ಷನ್ ಆಗಿದೆ’ ಎಂಬ ಒಂದೇ ಮಾತಿನಲ್ಲಿ ವ್ಯಾಪಾರ ಮುಗಿಸುತ್ತಾರೆ. ಎಷ್ಟು ಜನ ಇದಕ್ಕೆ ಬಲಿಯಾಗಿದ್ದಾರೋ! 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಆಗುವ ಪರಿವರ್ತನೆ, ಕೃಷಿ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಕೊಡುವ ಒಪ್ಪಿಗೆ ಮಾತ್ರ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಬೇರೆ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ, ಪ್ರಾಧಿಕಾರದ ವ್ಯಾಪ್ತಿಯಲ್ಲಾದರೆ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ 32ನೇ ಕಲಂ. ಮೊದಲನೆಯದು ಮಾತ್ರ ಇದ್ದು ಎರಡನೆಯದು ಇಲ್ಲದ ಸೈಟಿಗೆ ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ 11-ಬಿ, ಅಂದರೆ ಕ್ರಮಬದ್ಧವಲ್ಲದ ಆಸ್ತಿಯ ನಮೂನೆ, ಬರಬಹುದು. ಬ್ಯಾಂಕಿನವರು ಅದನ್ನು ನೋಡಿ ಸಾಲದ ಅರ್ಜಿ ಬದಿಗಿಡುತ್ತಾರೆ. ಅಕ್ರಮ ಬಡಾವಣೆ, ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಬರುತ್ತದೆ ಎಂದು ಕಾದವರು ಇನ್ನೂ ಕಾಯುತ್ತಿದ್ದಾರೆ; 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಜೊತೆಗೆ ಮನೆ-ಸೈಟು ಮಾರಾಟವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ: ಬಡಾವಣೆ 500 ಚದರ ಮೀಟರ್, ಅಂದರೆ ಸುಮಾರು 5 ಗುಂಟೆ, ಮೀರಿದರೆ ನೋಂದಣಿ ಮಾಡಿಸದೆ ಜಾಹೀರಾತು ಕೂಡ ಕೊಡುವಂತಿಲ್ಲ.

‘ಪ್ರಾಧಿಕಾರದವರು ಯಾರು’ ಎಂದು ಕೇಳಿದ್ದೀರಿ. ನೆಲವನ್ನು ನೋಡಿ ವಿಂಗಡಿಸುವುದು ನಮ್ಮ ಸೀಮೆಗೆ ಹೊರಗಿನಿಂದ ಬಂದ ಪದ್ಧತಿಯಲ್ಲ. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪ ನಾಯಕನ ‘ಶಿಸ್ತು’ ಭೂಮಿಯನ್ನು ಗುಣ ನೋಡಿ ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ದರ್ಜೆ ಮಾಡಿತ್ತು. ಜನರ ಬಾಯಲ್ಲಿ ಇನ್ನೂ ಹೆಚ್ಚು ಹೆಸರುಗಳಿವೆ: ಕಾನು, ಸೊಪ್ಪಿನಬೆಟ್ಟ, ಬ್ಯಾಣ, ಹಕ್ಕಲು, ಮಕ್ಕಿಗದ್ದೆ, ಬೈಲುಗದ್ದೆ. ಒಂದೊಂದು ಹೆಸರೂ ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಹೇಳುತ್ತದೆ. ಇಂದಿನ ಮಾಸ್ಟರ್ ಪ್ಲಾನ್‌ಗೆ ಇವುಗಳ ಪರಿಚಯವೇ ಇಲ್ಲ. ನಿಮ್ಮ ಹಕ್ಕಲೂ ಹಸಿರು, ಬೈಲೂ ಹಸಿರು. ನಮ್ಮ ನಿಜವಾದ ಜಗಳ ಇರುವುದು ಇಲ್ಲಿ. ನಿಯಮ ಬೇಡ ಎಂಬ ನಿಮ್ಮ ವಾದಕ್ಕೆ ನಾವು ಬರುವುದಿಲ್ಲ, ನಿಯಮ ಇನ್ನೂ ಸೂಕ್ಷ್ಮವಾಗಲಿ ಎನ್ನುತ್ತೇವೆ.

1914ರಲ್ಲಿ ಭಾರತಕ್ಕೆ ಬಂದು ಹತ್ತಾರು ಊರುಗಳನ್ನು ಅಳೆದು ವರದಿ ಬರೆದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್, ಬೆಟ್ಟದ ನೆತ್ತಿಯಿಂದ ಕಡಲತನಕ ಕಣಿವೆಯ ಸೀಳುನೋಟ ಬರೆದು, ಎಲ್ಲಿ ಮರ ಕಡಿಯುವವನು, ಎಲ್ಲಿ ಕುರಿಗಾಹಿ, ಎಲ್ಲಿ ರೈತ ಎಂದು ತೋರಿಸಿದ. ಊರಿನ ಯೋಜನೆ ಶುರುವಾಗಬೇಕಾದ್ದು ಕಣಿವೆಯಿಂದ ಎಂಬುದು ಆತನ ಮಾತಿನ ತಿರುಳು. ಅಮೆರಿಕದ ಓರೆಗಾನ್ ರಾಜ್ಯ 1973ರ ಕಾನೂನಿನಿಂದ ಪ್ರತಿ ಪಟ್ಟಣಕ್ಕೂ ಬೆಳವಣಿಗೆಯ ಎಲ್ಲೆ ಎಳೆಸಿತು. ಆಮೇಲೆ ಎಲ್ಲೆಯ ಹೊರಗೆ, ಮುಂದೆ ಪಟ್ಟಣವಾಗಬಹುದಾದ ನೆಲಕ್ಕೇ ಒಂದು ಪ್ರತ್ಯೇಕ ಹೆಸರು ಬಂತು. ಊರೂ ಅಲ್ಲದ ಪೇಟೆಯೂ ಅಲ್ಲದ ನೆಲಕ್ಕೆ ಅಲ್ಲಿ ಹೆಸರಿದೆ, ಕಾಲವಿದೆ, ಕ್ರಮವಿದೆ. ಅದೇ ದೇಶದ ಇನ್ನೊಂದು ಪದ್ಧತಿಯಲ್ಲಿ ಇಡೀ ಜಮೀನನ್ನು ಒಂದೇ ಯೋಜನೆಯಾಗಿ ತಂದರೆ, ಮನೆಗಳನ್ನು ಎತ್ತರದ ಜಾಗದಲ್ಲಿ ಒತ್ತಟ್ಟಿಗೆ ಕಟ್ಟಲು ಬಿಟ್ಟು, ಬದಲಿಗೆ ತಗ್ಗನ್ನು ಕಾಯಂ ಬಯಲಾಗಿ ಉಳಿಸಿಕೊಳ್ಳುತ್ತಾರೆ. ಗುಜರಾತಿನವರು ಸುತ್ತಲಿನ ರೈತರ ಹಿಡುವಳಿಗಳನ್ನೆಲ್ಲ ಒಟ್ಟು ಸೇರಿಸಿ, ರಸ್ತೆ-ಉದ್ಯಾನಕ್ಕೆ ಬೇಕಾದ್ದನ್ನು ಎಲ್ಲರಿಂದ ಪಾಲಿನಂತೆ ಕಳೆದು, ಉಳಿದದ್ದನ್ನು ಚೊಕ್ಕಟವಾದ ನಿವೇಶನವಾಗಿ ಅವರವರಿಗೇ ಹಿಂತಿರುಗಿಸುತ್ತಾರೆ. ನಿಮ್ಮ ‘ಅವನಿಗೆ ಹಳದಿ, ನನಗೆ ಹಸಿರು’ ಎಂಬ ಅಳಲಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಹಳ್ಳ ಯಾರ ಪಾಲಿಗೆ ಬಂದರೂ ನಷ್ಟ ಒಬ್ಬನ ತಲೆಗೆ ಬೀಳುವುದಿಲ್ಲ. ನಮ್ಮ 1961ರ ಕಾಯ್ದೆಯಲ್ಲೂ ಪಟ್ಟಣ ಯೋಜನಾ ಸ್ಕೀಮುಗಳಿಗೆಂದೇ ಒಂದು ಅಧ್ಯಾಯವಿದೆ. ಅದನ್ನು ತೆರೆದು ಓದಿ, ಮಲೆನಾಡಿನ ಇಳಿಜಾರಿಗೆ ಹೊಂದಿಸುವವರು ಬೇಕು.

ಸಂವಿಧಾನದ 74ನೇ ತಿದ್ದುಪಡಿ ಪಂಚಾಯ್ತಿ ಮತ್ತು ಪುರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸಲೆಂದೇ ಜಿಲ್ಲಾ ಯೋಜನಾ ಸಮಿತಿಯನ್ನು ಕೊಟ್ಟಿತು. ಊರಂಚಿನ ನೆಲದ ಪ್ರಶ್ನೆ ಚರ್ಚೆಯಾಗಬೇಕಾದ ಜಾಗ ಅದು. ಆದರೆ ಕರಡು ನಕ್ಷೆ ಬಂದಾಗ ಅದು ಗ್ರಾಮಸಭೆಯ ಮುಂದೆ ಬರುವುದಿಲ್ಲ. ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ, ಕಚೇರಿಯ ಗೋಡೆಯಲ್ಲಿ ನಕ್ಷೆ, ವಲಯ ನಿಯಮಾವಳಿ ಇಂಗ್ಲಿಷಿನಲ್ಲಿ. ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಊರಿಗೆ ಸುದ್ದಿ ಮುಟ್ಟುತ್ತದೆ. ಬೈಲು ಎಲ್ಲಿ, ಹಕ್ಕಲು ಎಲ್ಲಿ ಎಂದು ಬೆರಳಿಟ್ಟು ತೋರಿಸಬಲ್ಲ ಜನರನ್ನು ಒಂದು ಮಾತು ಕೇಳದೆ ಬಣ್ಣ ಬಳಿಯುತ್ತಾರೆ. ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಲ್ಲಿ 2023ರಲ್ಲಿ ವಿಮಾನ ಇಳಿದ ಮೇಲೆ ಸುತ್ತಲಿನ ಊರುಗಳ ನೆಲದ ಮೇಲೆ ಎಲ್ಲರ ಕಣ್ಣು ಬಿದ್ದಿದೆ. ಇನ್ನು ಹತ್ತು ವರ್ಷ ಇದೇ ಪಾಡಾದರೆ ಶಿವಮೊಗ್ಗದ ಸುತ್ತ ಬೈಲು ಎಂಬ ಮಾತು ಬಡಾವಣೆಯ ಹೆಸರಿನಲ್ಲಿ ಮಾತ್ರ ಉಳಿದೀತು.

ನಿಮಗೆ ಬೇಕಾದ್ದು ದಾರಿ. ಮೊದಲು ನಿಮ್ಮ ಊರು ಸ್ಥಳೀಯ ಯೋಜನಾ ಪ್ರದೇಶದ ಒಳಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಒಳಗಿದ್ದರೆ ಪ್ರಾಧಿಕಾರದಲ್ಲಿ ಸರ್ವೆ ನಂಬರ್ ಕೊಟ್ಟು ವಲಯ ದೃಢೀಕರಣ ಪತ್ರ ತೆಗೆದುಕೊಳ್ಳಿ; ಬಾಯಿಮಾತಿನ ‘ಹಸಿರು’ ನಂಬಬೇಡಿ. ಭೂದಾಖಲೆ ಕಚೇರಿಯಿಂದ ಗ್ರಾಮ ನಕ್ಷೆ, ಟಿಪ್ಪಣಿ (ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ-ಕಂದಾಯದ ಪಟ್ಟಿ) ಮೂರನ್ನೂ ತನ್ನಿ. ಹಳ್ಳ ‘ಬಿ’ ಖರಾಬಿನಲ್ಲಿ (ಸಾಗುವಳಿಗೆ ಸೇರದ ನೆಲದಲ್ಲಿ) ಇದ್ದರೆ ಅದು ಸಾರ್ವಜನಿಕರದು, ಅದರ ಗುಂಟೆಯನ್ನು ನಿಮ್ಮ 132ರಿಂದ ಇಂದೇ ಕಳೆಯಿರಿ. ಪಹಣಿಯಲ್ಲಿ ಮಾಲೀಕರ ಹೆಸರಿನ 9ನೇ ಕಾಲಂ, ಇತರ ಹಕ್ಕು-ಋಣಗಳ 11ನೇ ಕಾಲಂ ಓದಿ. ಮಂಜೂರಾತಿ ಜಮೀನಾಗಿದ್ದರೆ ಷರತ್ತು ಏನೆಂದು ಮೊದಲೇ ತಿಳಿಯಲಿ. ಬಣ್ಣ ಬದಲಿಸಲು ಯೋಜನಾ ಕಾಯ್ದೆಯ 14-ಎ ಕಲಂ ಇದೆ, ಆದರೆ ಅರ್ಜಿಯನ್ನು ಇಡೀ 3 ಎಕರೆ 12 ಗುಂಟೆಗೆ ಹಾಕಬೇಡಿ. ಹಕ್ಕಲಿನ ಭಾಗಕ್ಕೆ 11-ಇ ನಕ್ಷೆ (ಜಮೀನಿನ ಒಂದು ಭಾಗವನ್ನು ಅಳೆದು ಬೇರ್ಪಡಿಸುವ ನಕ್ಷೆ) ಮಾಡಿಸಿ, ಅದಕ್ಕೆ ಮಾತ್ರ ಕೇಳಿ. ಬೈಲನ್ನು ಗದ್ದೆಯಾಗಿಯೇ ಬಿಟ್ಟ ಅರ್ಜಿಗೆ ಬಲ ಹೆಚ್ಚು. ಮೇಲಿನ ಮತ್ತು ಕೆಳಗಿನ ಹಿಡುವಳಿದಾರರನ್ನು ಕೂರಿಸಿಕೊಂಡು ಮಾತಾಡಿ: ನಾಲ್ಕು ಮನೆಯವರು ಒಟ್ಟಾಗಿ ಬಂದರೆ 30 ಅಡಿ ರಸ್ತೆ, ಒಂದು ಚರಂಡಿ, ಒಂದು ಟ್ಯಾಂಕು ಎಲ್ಲರ ಪಾಲಿಗೂ ಅಗ್ಗ. ಆಮೇಲೆ ಪರಿವರ್ತನೆ, ಬಡಾವಣೆ ನಕ್ಷೆ, ರಸ್ತೆ-ಉದ್ಯಾನದ ಜಾಗಕ್ಕೆ ನೋಂದಾಯಿತ ಪರಿತ್ಯಾಜನ ಪತ್ರ (ಹಕ್ಕು ಬಿಟ್ಟುಕೊಡುವ ಪತ್ರ), ಮೆಸ್ಕಾಂ ಮತ್ತು ನೀರಿನ ಕೆಲಸ, ರೇರಾ ನೋಂದಣಿ, ಪ್ರಾಧಿಕಾರದಿಂದ ನಿವೇಶನ ಬಿಡುಗಡೆ, ಖಾತೆ. ಈ ಸರಣಿಯಲ್ಲಿ ಒಂದನ್ನೂ ಹಿಂದುಮುಂದು ಮಾಡಬೇಡಿ. ಬಿಡುಗಡೆಗೆ ಮೊದಲೇ ಮುಂಗಡ ತೆಗೆದುಕೊಂಡವರೇ ಕೋರ್ಟು ಹತ್ತಿರುವುದು.

ಇವೆಲ್ಲಕ್ಕೂ ಮುಂಚೆ ಒಂದು ಕೆಲಸ. ಪುನರ್ವಸು-ಪುಷ್ಯ ಮಳೆಯಲ್ಲಿ ಹಳ್ಳ ಉಕ್ಕಿದ ದಿನ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ, ನೀರು ಹತ್ತಿದ ಮಟ್ಟಕ್ಕೆ ಎರಡೂ ದಡದಲ್ಲಿ ಇಪ್ಪತ್ತು ಮಾರಿಗೊಂದರಂತೆ ಗೂಟ ಹೊಡೆಯಿರಿ. ನಕ್ಷೆ ಮಾಡುವ ಎಂಜಿನಿಯರ್ ಬರುವುದು ಬೇಸಿಗೆಯಲ್ಲಿ, ಅವರಿಗೆ ಕಾಣುವುದು ಒಣಗಿದ ಮೂರಡಿ ಓಣಿ. ನಿಮ್ಮ ಗೂಟಗಳೇ ಅವರಿಗೆ ಸಾಕ್ಷಿಯಾಗಬೇಕು.

ಕೈನಕ್ಷೆಯನ್ನು ಹಿಂದಕ್ಕೆ ಕಳಿಸುತ್ತಿದ್ದೇವೆ. ಪೆನ್ಸಿಲ್ ಗೆರೆಯ ಮೇಲೆ ನೀಲಿ ಶಾಯಿ ತಿದ್ದಿ, ಬೈಲಿನ ಮೇಲಿನ ಕೆಂಪು ಚೌಕಗಳನ್ನು ಹಾಗೇ ಬಿಟ್ಟಿದ್ದೇವೆ. ಅವನ್ನು ಅಳಿಸಬೇಕಾದವರು ನೀವು. ಗೂಟ ಹೊಡೆದ ಮೇಲೆ ದಡದಿಂದ ದಡಕ್ಕೆ ಎಷ್ಟು ಅಡಿ ಬಂತು ಎಂದು ಬರೆದು ತಿಳಿಸಿ.